ಸ್ಪ್ಯಾನಿಷ್ 'ಅರ್ರೋಸ್' ಪದದ ಅರ್ಥ ಮತ್ತು ಬಳಕೆ: ಕೊಪ್ಪಳ ಜಿಲ್ಲೆಯ ಧಾನ್ಯಪದಗಳ ಹಿನ್ನೆಲೆಯಲ್ಲಿ

ಅನ್ಯಭಾಷೆಯ ಪದವನ್ನು ಕಲಿಯುವಾಗ ಅದಕ್ಕೆ ಸ್ವಭಾಷೆಯ ಒಂದು ಪದವನ್ನು ಜೋಡಿಸಿಕೊಳ್ಳುವುದು ರೂಢಿ. ಸ್ಪ್ಯಾನಿಷ್ ಭಾಷೆಯ 'ಅರ್ರೋಸ್' ಪದಕ್ಕೆ 'ಅಕ್ಕಿ' ಎಂಬ ಅರ್ಥವನ್ನು ಕೊಡುವುದೂ ಹೀಗೆಯೇ. ಈ ಅರ್ಥವು ತಪ್ಪಲ್ಲ, ಆದರೆ ಅಪೂರ್ಣ. ಆ ಕೊರತೆಯನ್ನು ಕೊಪ್ಪಳ ಜಿಲ್ಲೆಯ ಧಾನ್ಯಪದಗಳ ನೆರವಿನಿಂದ ಇಲ್ಲಿ ವಿವರಿಸಲಾಗಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಗದ್ದೆಗಳಲ್ಲಿ ಬೆಳೆಯುವುದು ನೆಲ್ಲು ಅಥವಾ ಭತ್ತ. ಗಿರಣಿಯಿಂದ ಹೊರಬರುವುದು ಅಕ್ಕಿ. ಬೆಂದು ತಾಟಿಗೆ ಬರುವುದು ಅನ್ನ. ಕನ್ನಡದಲ್ಲಿ 'ಅಕ್ಕಿ ಬಿತ್ತಿದರು' ಎನ್ನುವುದಿಲ್ಲ, 'ನೆಲ್ಲು ಉಂಡರು' ಎನ್ನುವುದೂ ಇಲ್ಲ. ಸ್ಪ್ಯಾನಿಷ್‌ನಲ್ಲಾದರೋ ಈ ಮೂರು ಹಂತಗಳಿಗೂ 'ಅರ್ರೋಸ್' ಸಲ್ಲುತ್ತದೆ. ಹಂತವನ್ನು ಸೂಚಿಸುವುದು ಜೊತೆಗಿರುವ ಕ್ರಿಯಾಪದ: 'ಸೆಂಬ್ರಾರ್' (ಬಿತ್ತು) ಬಂದರೆ ಭತ್ತ, 'ಲಾವಾರ್' (ತೊಳೆ) ಬಂದರೆ ಅಕ್ಕಿ, 'ಕೊಮೆರ್' (ತಿನ್ನು) ಬಂದರೆ ಅನ್ನ.

ಇಂಥ ಬಳಕೆ ಕನ್ನಡಕ್ಕೆ ಪೂರ್ತಿ ಹೊಸದಲ್ಲ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತುವುದೂ ಜೋಳ, ರಾಶಿ ಮಾಡುವುದೂ ಜೋಳ, ಬೀಸುವುದೂ ಜೋಳ. ಬೆಳೆಗೂ ಕಾಳಿಗೂ ಹೆಸರು ಒಂದೇ. ಆದರೆ ಬೆಂದ ಮೇಲೆ ಅದು ರೊಟ್ಟಿಯೋ ನುಚ್ಚೋ ಆಗುತ್ತದೆ. 'ಅರ್ರೋಸ್' ಈ ಗಡಿಯನ್ನೂ ದಾಟಿ ಅಡುಗೆಗೂ ಸಲ್ಲುತ್ತದೆ. ಹೀಗಾಗಿ ಕಲಿಯುವವರಿಗೆ 'ಅಕ್ಕಿ'ಗಿಂತ 'ಜೋಳ'ವೇ ಹೆಚ್ಚು ಸಮೀಪದ ಮಾದರಿ.

ವ್ಯಾಕರಣದಲ್ಲಿ ಇದು ಪುಲ್ಲಿಂಗ ಪದ: 'ಎಲ್ ಅರ್ರೋಸ್'. ಸಾಮಾನ್ಯವಾಗಿ ಏಕವಚನದಲ್ಲಿಯೇ ಬರುತ್ತದೆ. 'ಅರ್ರೋಸೆಸ್' ಎಂಬ ಬಹುವಚನವು ತಳಿಗಳನ್ನೋ ಅನ್ನದ ಬಗೆಗಳನ್ನೋ ಸೂಚಿಸುತ್ತದೆ. ಗದ್ದೆಗೆ 'ಅರ್ರೋಸಾಲ್' ಎಂಬ ಸಾಧಿತ ರೂಪವಿದೆ. 'ಅರ್ರೋಸ್ ಕೊನ್ ಲೆಚೆ' ಎಂದರೆ ನಮ್ಮ ಪಾಯಸವನ್ನು ಹೋಲುವ, ಹಾಲಿನಲ್ಲಿ ಬೇಯಿಸಿದ ಸಿಹಿ. ಪದವು ಸ್ಪೇನಿನ ಅರಬ್ಬಿಯಿಂದ ಬಂದದ್ದು. ತಮಿಳಿನ 'ಅರಿಸಿ'ಯೊಂದಿಗೆ ಇದಕ್ಕೆ ಹೇಳಲಾಗುವ ಮೂಲಸಂಬಂಧವು ವಿವಾದಾಸ್ಪದವಾದುದರಿಂದ ಅರ್ಥನಿರ್ಣಯಕ್ಕೆ ಅದನ್ನು ಆಧರಿಸಲಾಗದು.

ಅನುವಾದದಲ್ಲಿ ಈ ವ್ಯತ್ಯಾಸ ಹಣಕಾಸಿನ ಪ್ರಶ್ನೆಯೂ ಆಗುತ್ತದೆ. ಭಾರತದ ಸರ್ಕಾರಿ ಖರೀದಿಯ ಮಾನದಂಡದಂತೆ 100 ಕಿಲೋ ಭತ್ತಕ್ಕೆ ಕುದಿಸದ ಅಕ್ಕಿ 67 ಕಿಲೋ. ವ್ಯಾಪಾರಪತ್ರದ 'ಅರ್ರೋಸ್ ಕಾಸ್ಕಾರಾ', ಅಂದರೆ ಹೊಟ್ಟುಸಹಿತ ಧಾನ್ಯವನ್ನು, 'ಅಕ್ಕಿ' ಎಂದು ಅನುವಾದಿಸಿದರೆ ತೂಕದ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು ತಪ್ಪುತ್ತದೆ. ಆದ್ದರಿಂದ ಕನ್ನಡಿಗರಿಗಾಗಿ ರಚಿಸುವ ಸ್ಪ್ಯಾನಿಷ್ ಪದಕೋಶವು ಈ ನಮೂದಿನಡಿ ಭತ್ತ, ಅಕ್ಕಿ, ಅನ್ನ ಎಂಬ ಮೂರು ಅರ್ಥಗಳನ್ನೂ ಪ್ರತಿಯೊಂದಕ್ಕೆ ಸಲ್ಲುವ ಕ್ರಿಯಾಪದವನ್ನೂ ಒಟ್ಟಿಗೆ ಕೊಡುವುದು ಅಗತ್ಯ.