ಕೆರೆ ಒಂದು, ಅಂತಸ್ತು ಮೂರು

ದಡದಲ್ಲಿ ನಿಂತು ನೋಡುವವರಿಗೆ ಕೆರೆಯೆಂದರೆ ಬರೀ ನೀರು. ಮೀನುಗಳಿಗೆ ಅದು ಮೂರಂತಸ್ತಿನ ಮನೆ! ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿಯ ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ನಡುವಿನ ಅಂತಸ್ತು ರೋಹುವಿನದು. ತಳದಲ್ಲಿ ಮೃಗಾಲ್ ಕೆಸರು ಕೆದಕಿ, ಕೊಳೆತ ಎಲೆಕಸದಲ್ಲಿ ಊಟ ಹುಡುಕುತ್ತದೆ. ಒಂದರ ತಟ್ಟೆಗೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ಮೂರನ್ನೂ ಒಟ್ಟಿಗೆ ಸಾಕಬಹುದು. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳಿನ ಅಕ್ಕಡಿ ಹಾಕುತ್ತಿದ್ದುದು ಏಕೆಂದು ಅಜ್ಜನನ್ನು ಕೇಳಿ. ಲೆಕ್ಕ ಹೆಚ್ಚುಕಡಿಮೆ ಅದೇ.

ಆದರೆ ಒಂದು ತೊಡಕಿತ್ತು. ಈ ಗೆಂಡೆ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಕೊಬ್ಬಿ ಬೆಳೆದರೂ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮಳೆಗಾಲದ ಹೊಸ ನೀರು, ನದಿಯ ಹರಿವು ಬೇಕು. ಹಾಗಾಗಿ ತುಂಬಿ ಹರಿಯುವ ನದಿಗಳಲ್ಲಿ ಮರಿಗಳನ್ನು ಸೋಸಿ ತರಬೇಕಿತ್ತು. ಅವುಗಳ ಜೊತೆ, ಮುಂದೆ ಅವನ್ನೇ ನುಂಗುವ ಮೀನಿನ ಮರಿಗಳೂ ಬಂದುಬಿಡುತ್ತಿದ್ದವು.

ಈ ಗಂಟು ಬಿಚ್ಚಿದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ವಿಜ್ಞಾನಿ ಹೀರಾಲಾಲ್ ಚೌಧುರಿ, ಸಹೋದ್ಯೋಗಿ ಕೆ. ಎಚ್. ಅಲಿಕುಂಞಿ ಅವರೊಂದಿಗೆ ಸೇರಿ, ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯ ಸಾರ ತೆಗೆದು ತಾಯಿಮೀನಿಗೆ ಚುಚ್ಚಿದರು. ನದಿಯಿಲ್ಲದೆಯೂ ಅದು ಮೊಟ್ಟೆ ಇಟ್ಟಿತು! ಆ ದಿನವೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಗಂಗೆಯಿಂದ ಎಷ್ಟೋ ದೂರದ ನಮ್ಮ ಹಳ್ಳಿಯ ಕೆರೆಗೂ, ರೈತರ ಹೊಂಡಕ್ಕೂ ಮರಿ ಸಿಗುವಂತಾದದ್ದು ಈ ವಿದ್ಯೆಯಿಂದ.

ಮರಿಗಳನ್ನು ಬೆರಳುದ್ದ ಬೆಳೆಸಿ ಕೆರೆಗೆ ಬಿಡುತ್ತಾರೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕೊಟ್ಟು ಚೆನ್ನಾಗಿ ನೋಡಿಕೊಂಡರೆ ಕಾಟ್ಲಾ ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗುತ್ತದೆ. ಮನೆಯವರ ತಟ್ಟೆಗೂ ಆಯಿತು, ಸಂತೆಗೂ ಆಯಿತು.

ಬೇಗ ದುಡ್ಡಾಗಲೆಂದು ಮರಿಗಳನ್ನು ಕಿಕ್ಕಿರಿಸಿ, ಹಿಂಡಿ ಸುರಿದರೆ? ಉಳಿದ ಆಹಾರ ಕೊಳೆಯುತ್ತದೆ, ಪಾಚಿ ಉಕ್ಕುತ್ತದೆ. ಹಗಲಲ್ಲಿ ನೀರಿಗೆ ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ. ನಸುಕಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ತಡವಾದರೆ ವರ್ಷದ ದುಡಿಮೆ ಬೆಳಕು ಹರಿಯುವಷ್ಟರಲ್ಲಿ ಸತ್ತು ತೇಲುತ್ತದೆ. ಇನ್ನು ಆಫ್ರಿಕಾದ ಕ್ಯಾಟ್‌ಫಿಶ್ ಕೆರೆಯ ಬೇರೆ ಮೀನುಗಳನ್ನೇ ತಿಂದು ಮುಗಿಸುತ್ತದೆ. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ, ಇರಬೇಕಾದದ್ದೇ.

ಬಯಲುಸೀಮೆಯ ಎಷ್ಟೋ ಕೆರೆಗಳಲ್ಲಿ ನೀರು ಕೆಲವೇ ತಿಂಗಳು ನಿಲ್ಲುತ್ತದೆ. ಅಂಥಲ್ಲಿ ಮೊದಲೇ ಬೇರೆಡೆ ಬೆಳೆಸಿದ ದೊಡ್ಡ ಮರಿಗಳನ್ನು ಬಿಟ್ಟು, ತಳ ಕಾಣುವ ಮುನ್ನ ಬಲೆ ಎಳೆಯುತ್ತಾರೆ.