ಉಸಿರು ಸಾಲದ ಮಾರುತ

ಕುಮಟೆಯ ಬಳಿಯ ನಮ್ಮ ಹೊಳನಗದ್ದೆಯ ಕಡಲದಂಡೆಯಲ್ಲಿ ಒಂದು ಸಂಜೆ ಮೀನುಗಾರನೊಬ್ಬ ದೋಣಿಯ ಇಂಜಿನನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದ. ಏನಾಯಿತೆಂದು ಕೇಳಿದೆ. "ದೋಣಿಗೆ ಏನೂ ಆಗಲಿಲ್ಲ ಮಾಸ್ತರೇ. ದೋಣಿ ನಮ್ಮದು, ಇಂಜಿನು ಪರದೇಶದ್ದು. ಸಾಮಾನು ಬರುವ ತನಕ ದಂಡೆಯೇ ಗತಿ" ಎಂದ. ಆ ಮಾತು ಕೇಳಿದೊಡನೆ, ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಒಂದು ಯುದ್ಧವಿಮಾನ ನನ್ನ ಕಣ್ಣೆದುರು ಬಂದಿತು. ಅದರ ಹೆಸರು ಮಾರುತ. ಗಾಳಿಯ ಹೆಸರನ್ನೇ ಹೊತ್ತ ಆ ವಿಮಾನಕ್ಕೆ ಉಸಿರೇ ಸಾಲದೆ ಹೋದದ್ದು ವಿಧಿಯ ವಿನೋದವೆನ್ನಬೇಕು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಜಗತ್ತಿನ ದೊಡ್ಡ ಕಾರ್ಖಾನೆಗಳ ಮುಂದೆ ಅದು ಕೂಸು. ಸ್ವಾತಂತ್ರ್ಯಾನಂತರ ಈ ಕೂಸು ಪರರ ನಕ್ಷೆಯ ಜೆಟ್ ವಿಮಾನಗಳನ್ನು ಪರವಾನಗಿಯ ಮೇಲೆ ಕಟ್ಟಿತು; ಆದರೆ ಶಬ್ದದ ವೇಗವನ್ನು ಇಮ್ಮಡಿ ಮೀರುವ ವಿಮಾನವನ್ನು ತಾನೇ ರಚಿಸಹೊರಟದ್ದು ಬೇರೆಯದೇ ಸಾಹಸ. ಮಹಾಯುದ್ಧದ ಫೋಕೆವುಲ್ಫ್ 190 ವಿಮಾನವನ್ನು ರೂಪಿಸಿದ ಜರ್ಮನ್ ಶಿಲ್ಪಿ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದರು. ಮೊದಲು ಮರದಲ್ಲಿ ಪೂರ್ಣ ಗಾತ್ರದ ಒಂದು ಗ್ಲೈಡರ್ ಮಾಡಿ, ಬೇರೊಂದು ವಿಮಾನದಿಂದ ಎಳೆಸಿ ಹಾರಿಸಿ ನೋಡಿದರು. ಹೀಗೆ ಒಡಲು ಪಕ್ವವಾಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೇರಿಸಿದರು.

ಆದರೆ ಆ ಒಡಲನ್ನು ಅಳೆದು ಹೊಲಿದದ್ದು ಬೇರೊಂದು ಇಂಜಿನಿಗಾಗಿ. ಇಂಗ್ಲೆಂಡಿನಲ್ಲಿ ಸಿದ್ಧವಾಗಬೇಕಿದ್ದ ಆರ್ಫಿಯಸ್ 12 ಎಂಬುದು ಅದು. ಅಲ್ಲಿ ಅದನ್ನು ಬೇಡುವವರಿಲ್ಲದೆ, ಮುಂದುವರಿಸಬೇಕಾದರೆ ಭಾರತವೇ ವೆಚ್ಚ ಕೊಡಬೇಕೆಂದು ಕಂಪನಿ ಕೇಳಿತು. ಸುಮಾರು 30 ಲಕ್ಷ ಪೌಂಡ್, ಅಂದಿನ ದರದಲ್ಲಿ ನಾಲ್ಕು ಕೋಟಿ ರೂಪಾಯಿ, ಎಂದು ಆ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ದೆಹಲಿ ಒಪ್ಪಲಿಲ್ಲ. ಇಂದು ಕುಳಿತು ಅವರನ್ನು ಹಳಿಯುವುದು ಸುಲಭ. 1957–58ರಲ್ಲಿ ವಿದೇಶಿ ವಿನಿಮಯ ಕರಗಿಹೋಗಿ, ಹೊರಗಿನಿಂದ ಧಾನ್ಯ ತರಿಸಿ ಹೊಟ್ಟೆ ಹೊರೆಯುತ್ತಿದ್ದ ದೇಶ ನಮ್ಮದು ಎಂಬುದನ್ನು ಮರೆಯಬಾರದು. ಆದರೂ ನನಗೆ ಅನಿಸುವುದಿಷ್ಟು: ಅಂದು ಉಳಿಸಿದ ನಾಲ್ಕು ಕೋಟಿಯಷ್ಟು ದುಬಾರಿಯಾದ ಉಳಿತಾಯ ನಮ್ಮ ಉದ್ಯಮದ ಇತಿಹಾಸದಲ್ಲಿ ವಿರಳ.

ಕೊನೆಗೆ, ನ್ಯಾಟ್ ಎಂಬ ಪುಟ್ಟ ವಿಮಾನಕ್ಕೆಂದು ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಆರ್ಫಿಯಸ್ ಇಂಜಿನುಗಳನ್ನು ಎರಡೆರಡರಂತೆ ಮಾರುತಕ್ಕೆ ಕೂಡಿಸಿದರು. ಶಬ್ದದ ಇಮ್ಮಡಿ ವೇಗ ಹಾಗಿರಲಿ, ಶಬ್ದದ ವೇಗವನ್ನು ಮುಟ್ಟುವುದಕ್ಕೇ ಅದು ಹೆಣಗಿತು. ಮತ್ತೆ ಇಂಜಿನಿನ ಬೇಟೆ. ರಷ್ಯದ ಇಂಜಿನು ಹೊಂದಲಿಲ್ಲ. ಒಂದು ಮಾರುತವನ್ನು ಈಜಿಪ್ಟಿಗೇ ಕಳುಹಿಸಿ, ಅಲ್ಲಿ ತಯಾರಾಗುತ್ತಿದ್ದ ಇಂಜಿನನ್ನು ಜೋಡಿಸಿ 1967ರಲ್ಲಿ ಹಾರಿಸಿದರು. 1969ರಲ್ಲಿ ಈಜಿಪ್ಟೇ ಆ ಯೋಜನೆಯನ್ನು ಕೈಬಿಟ್ಟಿತು. ಉಳಿದದ್ದು ಸ್ವಂತ ಪ್ರಯತ್ನ. ಇಂಜಿನಿನ ಬಾಲದಲ್ಲಿ ಮತ್ತಷ್ಟು ಇಂಧನ ಸುಟ್ಟು ನೂಕುಬಲವನ್ನು ಹೆಚ್ಚಿಸುವ ಏರ್ಪಾಡನ್ನು ಬೆಂಗಳೂರಿನಲ್ಲೇ ರೂಪಿಸಿದರು. ಅಂತಹ ವಿಮಾನವೊಂದನ್ನು 1970ರ ಜನವರಿ 10ರಂದು ಪರೀಕ್ಷೆಗೆ ಏರಿಸಿದವರು ಅದೇ ಸುರಂಜನ್ ದಾಸ್. ನೆಲಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದು ಉರುಳಿತು, ಅವರು ಉಳಿಯಲಿಲ್ಲ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತೋ!

ಮೊದಲ ಹಾರಾಟದಿಂದ ವಾಯುದಳದ ತುಕಡಿಯನ್ನು ಸೇರುವುದಕ್ಕೆ ಆರು ವರ್ಷ ಹಿಡಿಯಿತು. ಕಟ್ಟಿದ್ದು ಒಟ್ಟು 147. ಇಷ್ಟಾದರೂ 1971ರ ಯುದ್ಧದಲ್ಲಿ, ರಾಜಸ್ಥಾನದ ಮರಳುಗಾಡಿನ ಮೇಲೆ ತೀರ ಕೆಳಗೆ ಹಾರಿ ದಾಳಿ ಮಾಡುವುದರಲ್ಲಿ, ಅದು ತನ್ನ ಒಡಲಿನ ಗಟ್ಟಿತನವನ್ನು ತೋರಿಸಿತು. ಆಕಾಶದ ಸೆಣಸಾಟದಲ್ಲಿ ಶತ್ರುವಿಮಾನಕ್ಕೆ ಒಂದು ಮಾರುತವೂ ಬಲಿಯಾಗಲಿಲ್ಲ. 1990ರ ವೇಳೆಗೆ ಅದರ ಸೇವೆ ಮುಗಿದಿತ್ತು.

2021ರ ಫೆಬ್ರುವರಿಯಲ್ಲಿ ಅದೇ ಕಾರ್ಖಾನೆಗೆ 83 ತೇಜಸ್ ವಿಮಾನಗಳ ಬೇಡಿಕೆ ಬಂದಿತು. ಅದೇ ವರ್ಷ 99 ಇಂಜಿನುಗಳಿಗೆ ಅಮೆರಿಕದ ಕಂಪನಿಯೊಡನೆ ಕರಾರಾಯಿತು. ಅವುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿಯಲ್ಲಿ. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಹೊಸ ಒಡಲುಗಳು ಕಾದು ನಿಂತಿದ್ದವು.