ವಾರ್ಡಿನಲ್ಲಿ ಶಿಫ್ಟ್ ಬದಲಾಗದವರು

ಮೈಸೂರು–ಹುಣಸೂರು ರಸ್ತೆಯಲ್ಲಿ ಓಡಾಡೋರಿಗೆಲ್ಲ ಬಿಳಿಕೆರೆ ಗೊತ್ತು. ಕೆ.ಆರ್. ನಗರದ ಕಡೆಯ ರಸ್ತೆ ಹೆದ್ದಾರಿಗೆ ಸೇರೋದು ಅಲ್ಲೇ. ಹುಣಸೂರು, ಪಿರಿಯಾಪಟ್ಟಣದ ರೋಗಿಗಳನ್ನು ಹೊತ್ತ 108 ಗಾಡಿಗಳು ಮೈಸೂರಿನ ದೊಡ್ಡಾಸ್ಪತ್ರೆಗೆ, ಹೆರಿಗೆಯಾದರೆ ಚೆಲುವಾಂಬಕ್ಕೆ, ಎದೆನೋವಾದರೆ ಜಯದೇವಕ್ಕೆ ಹೋಗೋದೂ ಈ ದಾರಿಯಲ್ಲೇ. (ಎಚ್.ಡಿ. ಕೋಟೆಯವರದ್ದು ಮಾನಂದವಾಡಿ ರಸ್ತೆ. ರಸ್ತೆ ಬೇರೆ, ಪಾಡು ಒಂದೇ.)

ಆ ಗಾಡಿಯಲ್ಲಿ ರೋಗಿಯ ಜೊತೆ ಒಂದು ಚೀಟಿಯೂ ಹೋಗುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಬರೆದುಕೊಟ್ಟ ರೆಫರಲ್ ಚೀಟಿ. ಹೊಗೆಸೊಪ್ಪಿನ ಹೊಲದಲ್ಲಿ ಹಾವು ಕಚ್ಚಿದವರು ಅಂತಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಕಚ್ಚಿತು, ವಿಷನಿರೋಧಕ ಚುಚ್ಚುಮದ್ದು ಎಷ್ಟು ವಯಲ್ ಹೋಗಿದೆ, ಯಾವಾಗ ಶುರು ಮಾಡಿದರು ಅನ್ನೋದು ಆ ಚೀಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಮೈಸೂರಿನ ಕ್ಯಾಶುವಾಲಿಟಿಯ ಡಾಕ್ಟ್ರು ಕತ್ತಲಲ್ಲಿ ಲೆಕ್ಕ ಹಾಕಬೇಕಾಗುತ್ತೆ. ಅಲ್ಲಿಂದ ವಾರ್ಡಿಗೆ, ವಾರ್ಡಿನಲ್ಲಿ ದಿನಕ್ಕೆ ಎರಡು ಮೂರು ಸಲ ಸಿಸ್ಟರ್‌ಗಳ ಶಿಫ್ಟ್ ಬದಲಾವಣೆ, ಬೆಳಗ್ಗೆ ಒಬ್ಬರು ಡಾಕ್ಟ್ರು, ರಾತ್ರಿ ಇನ್ನೊಬ್ಬರು. ಎರಡು ಮಾಡ್ಯೂಲ್ ಬೇರೆ ಬೇರೆಯಾಗಿ ಚೆನ್ನಾಗೇ ಓಡ್ತಾ ಇದ್ದರೂ ಜೋಡಿಸಿದ ಕಡೆ ತಪ್ಪು ನುಸುಳುತ್ತೆ ಅಂತ ನಮಗೆ ಲ್ಯಾಬಿನಲ್ಲೇ ಗೊತ್ತಾಗಿದೆ. ಆಸ್ಪತ್ರೆಯಲ್ಲೂ ಅಷ್ಟೇ. ಇಷ್ಟೆಲ್ಲ ಕೈ ಬದಲಾದರೂ ಬದಲಾಗದೆ ಉಳಿಯೋದು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಮನೆಯವರು ಮಾತ್ರ.

ಈ ವಿಷಯ ನಾವು ಬರೆಯೋಕೆ ಕಾರಣ ಇದೆ. ನಮ್ಮಲ್ಲಿ ಎಷ್ಟೋ ಜನ ಮನೆಗೆ ಮೊದಲ ಇಂಜಿನಿಯರ್‌ಗಳು. ಅಜ್ಜಿನೋ ಅಪ್ಪನ್ನೋ ಮೈಸೂರಿಗೆ ಕರ್ಕೊಂಡು ಹೋಗೋ ದಿನ ಹಾಸ್ಟೆಲ್‌ಗೆ ಫೋನ್ ಬರುತ್ತೆ: "ನೀನು ಓದಿದೋನು, ಬಂದು ಡಾಕ್ಟ್ರ ಹತ್ರ ಮಾತಾಡು." ನಮಗೆ ವೈದ್ಯಶಾಸ್ತ್ರ ಬರಲ್ಲ, ನಿಜ. ಆದರೆ ಯೂನಿಟ್, ಲೇಬಲ್, ಸಮಯ, ದಾಖಲೆ ನೋಡೋಕೆ ಬರುತ್ತೆ. ಎಷ್ಟೋ ತಪ್ಪುಗಳು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಇನ್ಸುಲಿನ್ ನೋಡಿ. ನಮ್ಮಲ್ಲಿ ಇದು ಒಂದು ಮಿಲಿಗೆ 40 ಯೂನಿಟ್ ಇರುವುದೂ ಸಿಗುತ್ತೆ, 100 ಯೂನಿಟ್ ಇರುವುದೂ ಸಿಗುತ್ತೆ. ಸಿರಿಂಜೂ ಎರಡು ಥರ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಮಿಲಿ ಬರುತ್ತೆ, ಅಂದರೆ 50 ಯೂನಿಟ್. ಬೇಕಾಗಿದ್ದು 20. ಎರಡೂವರೆ ಪಟ್ಟು! ಸಕ್ಕರೆ ದಿಢೀರ್ ಇಳಿದು ಪ್ರಜ್ಞೆ ತಪ್ಪೋಕೆ ಇಷ್ಟು ಸಾಕು. 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ಕಳೆದುಹೋಗಿದ್ದು ಒಂದು ತಂಡ ಪೌಂಡ್‌ನಲ್ಲಿ, ಇನ್ನೊಂದು ನ್ಯೂಟನ್‌ನಲ್ಲಿ ಲೆಕ್ಕ ಇಟ್ಟಿದ್ದಕ್ಕೆ. ನಮಗೆ ಅದು ಪಾಠದ ಕಥೆ, ಅಜ್ಜಿ ಮನೆಯ ಫ್ರಿಜ್ಜಿನಲ್ಲಿ ಅದೇ ಲೆಕ್ಕ ದಿನಾ ಎರಡು ಹೊತ್ತು ನಡೀತಾ ಇರುತ್ತೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದಾಗ ಬಾಟಲಿ ಬದಲಾಗಿದೆಯಾ, ಸಿರಿಂಜ್ ಹಳೇದೇ ಇದೆಯಾ ಅಂತ ನೋಡೋಕೆ ಎರಡು ನಿಮಿಷ ಸಾಕು.

ಪ್ಯಾರಾಸಿಟಮಾಲ್ ಕೂಡ ಹಾಗೇ. ಜ್ವರಕ್ಕೆ ಡೋಲೋ 650, ಅದರ ಜೊತೆ ನೆಗಡಿಗೆ ಬೇರೆ ಮಾತ್ರೆ. ನೆಗಡಿ ಮಾತ್ರೆಯೊಳಗೂ ಎಷ್ಟೋ ಸಲ ಪ್ಯಾರಾಸಿಟಮಾಲೇ ಇರುತ್ತೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮಿತಿ, ಅದಾದ ಮೇಲೆ ಲಿವರ್‌ಗೆ ಪೆಟ್ಟು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ತಗೊಂಡು ಪ್ರಾಣ ಕಳಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಸ್ಟ್ರಿಪ್ಪಿನ ಮೇಲೆ ಬ್ರ್ಯಾಂಡ್ ಹೆಸರೂ ಇರುತ್ತೆ, ಔಷಧಿಯ ಹೆಸರೂ ಇರುತ್ತೆ. ನೀವು ಓದಬೇಕಾದ್ದು ಔಷಧಿಯ ಹೆಸರನ್ನ.

ಇನ್ನು ಹೆಸರು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಮಹದೇವಮ್ಮ ಇದ್ದರೆ ಆಶ್ಚರ್ಯ ಇಲ್ಲ. ಮನೇಲಿ ಕರೆಯೋದು ಪುಟ್ಟಮ್ಮ, ಆಧಾರ್‌ನಲ್ಲಿ ಬೇರೆ. "ಮಹದೇವಮ್ಮ ಯಾರು?" ಅಂತ ಕೂಗಿದಾಗ ಅರ್ಧ ನಿದ್ದೆಯಲ್ಲಿ "ಹೂಂ" ಅಂದರೆ ಬೇರೆಯವರ ಇಂಜೆಕ್ಷನ್ ಬರಬಹುದು. ಹೆಸರಿನ ಜೊತೆ ಐ.ಪಿ. ನಂಬರೂ ಹೇಳಿ. ರಕ್ತ ಹಾಕುವಾಗ ಚೀಲದ ಮೇಲಿನ ಹೆಸರು, ಗುಂಪು, ನಂಬರ್ ಸಿಸ್ಟರ್ ತಾಳೆ ನೋಡ್ತಾರೆ, ನೀವೂ ಪಕ್ಕದಲ್ಲಿ ನಿಂತು ಓದಿ. ಮೊದಲ ಹದಿನೈದು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ರೋಗಿಯ ಮುಖ ನೋಡಿ. ಚಳಿ, ನಡುಕ, ಬೆನ್ನುನೋವು, ಉಸಿರಾಟದ ಕಷ್ಟ ಏನೇ ಕಂಡರೂ ತಕ್ಷಣ ಕರೆಯಿರಿ.

ಆದರೆ ಎಲ್ಲವನ್ನೂ ಮನೆಯವರು ಹಿಡಿಯೋಕಾಗಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಿಡ್ನಿ ವೈಫಲ್ಯಕ್ಕೆ ಒಳಗಾದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಹೋಗಿದ್ದು ಡ್ರಿಪ್ಪಿನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಕೆಲವು ಬ್ಯಾಚ್‌ಗಳು ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಫೇಲಾಗಿದ್ದವು, ಕೇಂದ್ರದ ಪ್ರಯೋಗಾಲಯ ಸರಿ ಇದೆ ಅಂದಿತ್ತು. ಸಾವುಗಳಾದ ಮೇಲೆ ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಹೊರಗೆ ಕೂತ ಗಂಡನಿಗೋ ಅಮ್ಮನಿಗೋ ಆ ಬಾಟಲಿಯ ನೀರು ತಿಳಿಯಾಗೇ ಕಂಡಿರುತ್ತೆ. ಅವರು ಹುಷಾರಾಗಿರಬೇಕಿತ್ತು ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ. ಅದನ್ನ ಪರೀಕ್ಷಿಸಬೇಕಾಗಿದ್ದು ವ್ಯವಸ್ಥೆ.

ನಮ್ಮ ಪಕ್ಕದ ಚಾಮರಾಜನಗರವೂ ನೆನಪಿರಲಿ. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಕ್ಸಿಜನ್ ಬರಬೇಕಾಗಿದ್ದು ಮೈಸೂರಿನಿಂದ. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ ಅಂತ ಸರ್ಕಾರ ಮೊದಲು ಹೇಳಿತು. ಆಮೇಲೆ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯಿಂದ ತನಿಖೆ ಮಾಡಿಸಬೇಕಾಯಿತು. ಯಾರು ಯಾವುದರಿಂದ ಸತ್ತರು ಅನ್ನೋ ಜಗಳ ಎದ್ದಾಗ ಮಾತಾಡೋದು ಕಾಗದ. ಅದಕ್ಕೇ ನಾವು ಹೇಳೋದು: ಡ್ರಿಪ್ಪಿನ ಲೇಬಲ್, ಬ್ಯಾಚ್ ನಂಬರ್, ಔಷಧಿ ಚೀಟಿ, ಪ್ರತಿ ರಿಪೋರ್ಟಿನ ಫೋಟೋ ಇಟ್ಟುಕೊಳ್ಳಿ. ಒಂದು ಪುಸ್ತಕದಲ್ಲಿ ಗಂಟೆ ಹಾಕಿ ಬರೀರಿ.

ಆ ಪುಸ್ತಕ ಇನ್ನೊಂದಕ್ಕೂ ಬೇಕು. "ಯಾಕೋ ಸರಿ ಇಲ್ಲ ಸಿಸ್ಟರ್" ಅಂದರೆ ನಲವತ್ತು ರೋಗಿಗಳ ನಡುವೆ ಓಡಾಡುವ ಸಿಸ್ಟರ್‌ಗೆ ಏನೂ ತಿಳಿಯಲ್ಲ. "ಬೆಳಗ್ಗೆ ಆರಕ್ಕೆ ಮಾತಾಡ್ತಿದ್ರು, ಹತ್ತರಿಂದ ಕರೆದರೆ ಕಣ್ಣು ಬಿಡ್ತಿಲ್ಲ, ರಾತ್ರಿಯಿಂದ ಮೂತ್ರ ಆಗಿಲ್ಲ" ಅಂದರೆ ತಿಳಿಯುತ್ತೆ. ಮನೆಯವರ ಕಣ್ಣಿಗೆ ಬೆಲೆ ಇದೆ. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಅನ್ನೋ ಹದಿಮೂರರ ಹುಡುಗಿ ಸೈಕಲ್‌ನಿಂದ ಬಿದ್ದು ಆಸ್ಪತ್ರೆ ಸೇರಿ, 2021ರಲ್ಲಿ ಸೋಂಕು ಮೈಗೇರಿ ಸತ್ತಳು. ಮಗು ಹದಗೆಡ್ತಿದೆ ಅಂತ ಅಪ್ಪ ಅಮ್ಮ ಹೇಳಿದ್ದನ್ನು ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ಬೇಗ ಐಸಿಯುಗೆ ಹಾಕಿದ್ದರೆ ಬಹುಶಃ ಉಳೀತಿದ್ದಳು ಅಂತ ವಿಚಾರಣೆಯಲ್ಲಿ ಬಂತು. 2024ರಿಂದ ಅಲ್ಲಿನ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಅವಳ ಹೆಸರಿನದೇ ನಿಯಮ ಇದೆ: ಮನೆಯವರು ಕೇಳಿದರೆ ಬೇರೊಂದು ತಂಡ ಬಂದು ರೋಗಿಯನ್ನು ನೋಡಬೇಕು.

ನಮ್ಮಲ್ಲಿ ನೀವೇ ಮೆಟ್ಟಿಲು ಹತ್ತಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ರೋಗಿಯೂ ಒಂದು ಯೂನಿಟ್‌ಗೆ ಸೇರಿರುತ್ತಾರೆ. ಯಾವ ಯೂನಿಟ್, ಅದರ ಮುಖ್ಯಸ್ಥರು ಯಾರು, ರೌಂಡ್ಸ್ ಎಷ್ಟು ಗಂಟೆಗೆ ಅಂತ ಮೊದಲ ದಿನವೇ ಕೇಳಿ. ಡ್ಯೂಟಿ ಡಾಕ್ಟ್ರು ಕೇಳದಿದ್ದರೆ ಯೂನಿಟ್ ಮುಖ್ಯಸ್ಥರು, ಅಲ್ಲೂ ಆಗದಿದ್ದರೆ ವೈದ್ಯಕೀಯ ಅಧೀಕ್ಷಕರು. ದನಿ ಏರಿಸೋದು ಬೇಡ. ಕೈ ಎತ್ತೋದಂತೂ ಬೇಡವೇ ಬೇಡ: ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ, ಅಲ್ಲದೆ ಹೆದರಿದ ಡಾಕ್ಟ್ರು ನಿಮ್ಮ ಮುಂದೆ ಯೋಚನೆ ಬಿಚ್ಚಿಡಲ್ಲ. "ಸರ್, ಇದು ಬೇರೆ ಏನಾದ್ರೂ ಇರಬಹುದಾ?" ಅಂತ ಕೇಳಿದರೆ ಎಷ್ಟೋ ಜನ ನಿಂತು ಉತ್ತರ ಕೊಡ್ತಾರೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ.

ತಪ್ಪು ಆಗೇಹೋಯಿತು ಅನ್ನಿಸಿದರೆ ಮೊದಲು ಕೇಸ್ ಶೀಟಿನ ನಕಲು ಪಡೆಯಿರಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅರ್ಜಿ ಬರವಣಿಗೆಯಲ್ಲಿರಲಿ, ಇನ್ನೊಂದು ಪ್ರತಿಗೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕುಂದುಕೊರತೆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕ ಆಯೋಗಕ್ಕೂ ಹೋಗಬಹುದು, ಎರಡು ವರ್ಷದೊಳಗೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಈ ಗ್ರಾಹಕ ಕಾಯ್ದೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ಮಾಹಿತಿ ಹಕ್ಕು ಅರ್ಜಿ ಮತ್ತು 104 ಆರೋಗ್ಯ ಸಹಾಯವಾಣಿ ಇವೆ.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ. ಅಪ್ಪ ಅಮ್ಮ ಅಜ್ಜಿ ತಗೊಳ್ಳೋ ಮಾತ್ರೆಗಳ ಫೋಟೋ ತರಿಸಿಕೊಂಡು, ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವುದು ಒಗ್ಗಲ್ಲ, ರಕ್ತದ ಗುಂಪು ಇಷ್ಟನ್ನು ಒಂದು ಹಾಳೆಗೆ ಇಳಿಸಿ. ಒಂದು ಪ್ರತಿ ಮನೆಯ ಬೀರುವಿನ ಬಾಗಿಲಿಗೆ ಅಂಟಿಸೋಕೆ ಹೇಳಿ, ಇನ್ನೊಂದು ನಿಮ್ಮ ಫೋನಿನಲ್ಲಿರಲಿ.